ಲೆಕ್ಕದ ಪುಸ್ತಕ ತೆರೆದಿಟ್ಟ ಗುತ್ತಿಗೆ

ನಾನು ಕೆಲಸ ಕಲಿತದ್ದು ಹುಬ್ಬಳ್ಳಿಯಲ್ಲಿ, ಒಬ್ಬ ಕಾಂಟ್ರಾಕ್ಟರ್ ಹತ್ತಿರ. ಸಿವಿಲ್ ಮುಗಿಸಿ ಮೂರು ವರ್ಷ ಅಲ್ಲಿದ್ದೆ. ಟೆಂಡರ್ ಅಂದರೆ ನನಗೆ ಗೊತ್ತಿದ್ದದ್ದು ಒಂದೇ ದಾರಿ. ಎಲ್ಲರಿಗಿಂತ ಕಡಿಮೆ ಬರೆದು ಎಲ್-ಒನ್ ಆಗಬೇಕು. ಹಾಗೆ ಕಡಿಮೆ ಬರೆದ ದುಡ್ಡು ಎಲ್ಲಿಂದಲಾದರೂ ವಾಪಸ್ ಬರಲೇಬೇಕಲ್ಲ? ನಮ್ಮಲ್ಲಿ ಅದು ಬರುತ್ತಿದ್ದದ್ದು ಪಾಯದಿಂದ. ಮೆದು ಮಣ್ಣು ತೋಡಲು ಒಂದು ದರ, ಗಟ್ಟಿ ಮಣ್ಣಿಗೆ ಇನ್ನೊಂದು, ಬಂಡೆಗೆ ಎಲ್ಲಕ್ಕಿಂತ ಜಾಸ್ತಿ. ಅಲ್ಲಿ ಬಂಡೆ ಇದೆ ಅಂತ ನಮಗೆ ಮೊದಲೇ ಗೊತ್ತಿದ್ದರೂ ಹೇಳುತ್ತಿರಲಿಲ್ಲ. ಕೆಲಸ ಸಿಕ್ಕಿ, ಅಗೆತ ಶುರುವಾದ ಮೇಲೆ ಎಂ.ಬಿ. ಪುಸ್ತಕಕ್ಕೆ, ಅಂದರೆ ಕೆಲಸದ ಅಳತೆ ಬರೆದಿಡುವ ಪುಸ್ತಕಕ್ಕೆ, ಬಂಡೆ ಸೇರುತ್ತಿತ್ತು. ಅದನ್ನು ಅಳೆದು ಬರೆಸುವ ಕೆಲಸ ನನ್ನದೇ ಆಗಿತ್ತು. ಅದು ತಪ್ಪು ಅಂತ ಆಗ ನನಗೆ ಅನಿಸಿರಲಿಲ್ಲ. ಗುತ್ತಿಗೆ ಅಂದರೆ ಹೀಗೇ ಅಂದುಕೊಂಡಿದ್ದೆ.

2003ರಲ್ಲಿ ಓದಲು ಇಂಗ್ಲೆಂಡಿಗೆ ಬಂದೆ. ಕ್ವಾಂಟಿಟಿ ಸರ್ವೇಯಿಂಗ್, ಅಂದರೆ ಕಟ್ಟಡದ ವೆಚ್ಚ ಲೆಕ್ಕ ಹಾಕುವ ವಿದ್ಯೆ, ಮುಗಿಸಿ, ಬರ್ಮಿಂಗ್‌ಹ್ಯಾಮ್ ಹತ್ತಿರದ ಒಂದು ಹೌಸಿಂಗ್ ಅಸೋಸಿಯೇಷನ್‌ನಲ್ಲಿ ಕೆಲಸಕ್ಕೆ ಸೇರಿದೆ. ಇದು ಸರ್ಕಾರಿ ಇಲಾಖೆ ಅಲ್ಲ, ಲಾಭಕ್ಕೆ ನಡೆಯುವ ಕಂಪನಿಯೂ ಅಲ್ಲ. ಮಾರುಕಟ್ಟೆ ಬಾಡಿಗೆ ಕೊಡಲಾಗದ ಜನರಿಗೆ ಕಡಿಮೆ ಬಾಡಿಗೆಗೆ ಮನೆ ಕೊಡುವ ಸಂಸ್ಥೆ. ನಮ್ಮ ಹೆಚ್ಚಿನ ಮನೆಗಳು ಮೊದಲು ಸ್ಥಳೀಯ ಆಡಳಿತವಾದ ಕೌನ್ಸಿಲ್‌ನವು. ಬಾಡಿಗೆದಾರರೇ ಮತ ಹಾಕಿ ನಮ್ಮ ಸಂಸ್ಥೆಗೆ ಬಂದವರು. ಬರುವಾಗ ಅವರಿಗೆ ಒಂದು ಮಾತು ಕೊಟ್ಟಿದ್ದೆವು: ಹೊಸ ಅಡುಗೆಮನೆ, ಹೊಸ ಬಚ್ಚಲು, ಹೊಸ ಕಿಟಕಿ. ಅದರ ಮೇಲೆ ಸರ್ಕಾರದ ಡೀಸೆಂಟ್ ಹೋಮ್ಸ್ ಗುರಿಯೂ ಇತ್ತು. 2010ರೊಳಗೆ ಸಾಮಾಜಿಕ ವಸತಿಯ, ಅಂದರೆ ಹೀಗೆ ಕಡಿಮೆ ಬಾಡಿಗೆಗೆ ಕೊಡುವ, ಎಲ್ಲ ಮನೆಗಳೂ ಒಂದು ಮಟ್ಟಕ್ಕೆ ಬರಬೇಕು ಅಂತ. ಅಡುಗೆಮನೆ 20 ವರ್ಷಕ್ಕಿಂತ ಹಳೆಯದಿರಬಾರದು, ಬಚ್ಚಲು 30 ವರ್ಷಕ್ಕಿಂತ ಹಳೆಯದಿರಬಾರದು ಅನ್ನುವುದು ಆ ಅಳತೆಗಳಲ್ಲಿ ಎರಡು.

ಸೇರಿದ ಮೊದಲ ವಾರದಲ್ಲೇ ನನ್ನ ಮೇಲಧಿಕಾರಿ ಒಂದು ಗುತ್ತಿಗೆ ಪತ್ರದ ನಮೂನೆ ಕೊಟ್ಟು ಓದು ಅಂದರು. ಪಿಪಿಸಿ 2000. ಪಾರ್ಟ್ನರಿಂಗ್‌ಗೆಂದೇ, ಅಂದರೆ ಎಲ್ಲರೂ ಪಾಲುದಾರರಂತೆ ಸೇರಿ ಕೆಲಸ ಮಾಡುವುದಕ್ಕೆಂದೇ, ಬರೆದ ಗುತ್ತಿಗೆ. ನಾನು ಅದುವರೆಗೆ ನೋಡಿದ ಗುತ್ತಿಗೆಗಳಲ್ಲಿ ಇಬ್ಬರು ಸಹಿ ಹಾಕುತ್ತಿದ್ದರು, ಕೆಲಸ ಕೊಡುವವರು ಮತ್ತು ಮಾಡುವವರು. ಇದರಲ್ಲಿ ಮನೆ ಮಾಲೀಕ ಸಂಸ್ಥೆ, ಕಾಂಟ್ರಾಕ್ಟರ್, ಡಿಸೈನ್ ಮಾಡುವವರು, ವೆಚ್ಚದ ಲೆಕ್ಕ ನೋಡುವವರು, ಎಲ್ಲರೂ ಒಂದೇ ಕಾಗದಕ್ಕೆ ಸಹಿ ಹಾಕಬೇಕು. ಎಲ್ಲರ ಕಡೆಯಿಂದ ಒಬ್ಬೊಬ್ಬರು ಸೇರಿದ ಕೋರ್ ಗ್ರೂಪ್ ಇರಬೇಕು. ತೊಂದರೆ ಬಂದರೆ ವಕೀಲರ ಪತ್ರಕ್ಕಿಂತ ಮೊದಲು ಅಲ್ಲಿಗೆ ಬರಬೇಕು. ಎರಡು ಸಲ ಓದಿದೆ. ಇದು ಕಾಗದದ ಮೇಲೆ ಮಾತ್ರ ಚೆನ್ನಾಗಿರುತ್ತದೆ ಅಂದುಕೊಂಡೆ.

ಇದು ಎಲ್ಲಿಂದ ಬಂತು ಅಂತ ಆಮೇಲೆ ತಿಳಿಯಿತು. ಬ್ರಿಟನ್ನಿನ ಕಟ್ಟಡ ಉದ್ಯಮ ತೊಂಬತ್ತರ ದಶಕದ ಶುರುವಿನಲ್ಲಿ ಜಗಳದಲ್ಲಿ ಮುಳುಗಿತ್ತು. 1994ರಲ್ಲಿ ಸರ್ ಮೈಕೇಲ್ ಲೇಥಮ್ ಒಂದು ವರದಿ ಕೊಟ್ಟರು. ಜಗಳಕ್ಕೆ ಹೋಗುವ ದುಡ್ಡನ್ನು ಕೆಲಸಕ್ಕೆ ಹಾಕಿ, ಒಟ್ಟಿಗೆ ಕೂತು ಕಟ್ಟಿ ಅನ್ನುವುದು ಅದರ ತಿರುಳು. 1998ರಲ್ಲಿ ಸರ್ ಜಾನ್ ಈಗನ್ ಇನ್ನೂ ಗಟ್ಟಿಯಾಗಿ ಹೇಳಿದರು. ಅವರು ಕಾರು ತಯಾರಿಕೆಯಿಂದ ಬಂದವರು, ಜಾಗ್ವಾರ್ ಕಂಪನಿ ನಡೆಸಿದವರು. ವರ್ಷಕ್ಕೆ ವೆಚ್ಚ ಶೇ. 10 ಇಳಿಯಬೇಕು, ಕೆಲಸದ ದೋಷಗಳು ಶೇ. 20 ಇಳಿಯಬೇಕು ಅಂತ ಗುರಿ ಇಟ್ಟರು. ಹೌಸಿಂಗ್ ಅಸೋಸಿಯೇಷನ್‌ಗಳಿಗೆ ಅನುದಾನ ಕೊಡುತ್ತಿದ್ದ ಹೌಸಿಂಗ್ ಕಾರ್ಪೊರೇಷನ್ ಈ ದಾರಿ ಹಿಡಿಯಿರಿ ಅಂತ ಒತ್ತಡ ಹಾಕಿತು. ಹೀಗಾಗಿ ಪಾರ್ಟ್ನರಿಂಗ್ ಸಾಮಾಜಿಕ ವಸತಿಯಲ್ಲಿ ಚೆನ್ನಾಗಿ ಬೇರು ಬಿಟ್ಟಿತು. ಅದಕ್ಕೆ ಇನ್ನೊಂದು ಕಾರಣವೂ ಇತ್ತು. ನಮ್ಮ ಕೆಲಸ ಒಂದು ಸೇತುವೆ ಕಟ್ಟಿ ಮುಗಿಸುವ ಥರದ್ದಲ್ಲ. ಒಂದೇ ಬಗೆಯ ಅಡುಗೆಮನೆಯನ್ನು ಸಾವಿರ ಸಲ ಮಾಡಬೇಕು, ಅದೂ ಜನ ಒಳಗೆ ವಾಸವಿರುವಾಗಲೇ. ಹತ್ತನೇ ಮನೆಯಲ್ಲಿ ಕಲಿತದ್ದು ನೂರನೇ ಮನೆಗೆ ಉಪಯೋಗಕ್ಕೆ ಬರಬೇಕಾದರೆ ಅದೇ ತಂಡ ಇರಬೇಕು ಅಲ್ವಾ?

2006ರಲ್ಲಿ ನಾಲ್ಕು ವರ್ಷದ ಗುತ್ತಿಗೆಗೆ ಕಾಂಟ್ರಾಕ್ಟರ್ ಹುಡುಕಲು ಶುರು ಮಾಡಿದೆವು. ಆಗ ಯುರೋಪಿನ ಗೆಜೆಟ್‌ನಲ್ಲಿ ಜಾಹೀರಾತು ಕೊಡಬೇಕಿತ್ತು. ಅರ್ಜಿಗಳು ಬಂದವು, ಜರಡಿ ಹಿಡಿದೆವು, ಆರು ಕಂಪನಿ ಉಳಿದವು. ಅಂಕಗಳಲ್ಲಿ ಗುಣಮಟ್ಟಕ್ಕೆ 60, ಬೆಲೆಗೆ 40. ಈ ಅರವತ್ತನ್ನು ನೋಡಿ ನನಗೆ ನಿಜವಾಗಿ ಗಾಬರಿಯಾಗಿತ್ತು. ಬೆಲೆ ಅಂದರೆ ಅಂಕಿ, ಅದನ್ನು ಯಾರೂ ಪ್ರಶ್ನಿಸಲಾರರು. ಗುಣಮಟ್ಟ ಅಂದರೆ ಯಾರದೋ ಅಭಿಪ್ರಾಯ. ಲಂಚಕ್ಕೆ ಬಾಗಿಲು ತೆಗೆದಂತೆ ಆಗುವುದಿಲ್ಲವಾ ಅಂತ ಮೇಲಧಿಕಾರಿಯನ್ನು ಕೇಳಿಯೇಬಿಟ್ಟೆ. ಅವರು ಬೈಯಲಿಲ್ಲ. ಅಂಕ ಹಾಕುವವರು ಯಾರು ನೋಡು ಅಂದರು.

ಅಂಕ ಹಾಕುವ ಏಳು ಜನರಲ್ಲಿ ಮೂವರು ಬಾಡಿಗೆದಾರರು. ಒಬ್ಬರು ನಿವೃತ್ತ ಬಸ್ ಡ್ರೈವರ್, ಒಬ್ಬರು ಶಾಲೆಯಲ್ಲಿ ಊಟ ಬಡಿಸುವವರು, ಇನ್ನೊಬ್ಬರು ಎಂಬತ್ತಕ್ಕೆ ಹತ್ತಿರವಿದ್ದ ಅಜ್ಜಿ. ಪ್ರತಿಯೊಬ್ಬರೂ ಪ್ರತಿ ಉತ್ತರಕ್ಕೂ ಅಂಕದ ಜೊತೆ ಕಾರಣ ಬರೆಯಬೇಕು. ಸೋತ ಕಂಪನಿ ಕೇಳಿದರೆ ಆ ಕಾರಣ ತೋರಿಸಬೇಕು. ಆಯ್ಕೆ ತಿಳಿಸಿದ ಮೇಲೂ ಹತ್ತು ದಿನ ಸಹಿ ಹಾಕದೆ ಕಾಯಬೇಕು, ಯಾರಾದರೂ ಕೋರ್ಟಿಗೆ ಹೋಗುವುದಿದ್ದರೆ ಹೋಗಲಿ ಅಂತ.

ಸಂದರ್ಶನದ ದಿನ ಕಂಪನಿಗಳವರು ಬಣ್ಣದ ಸ್ಲೈಡ್ ತಂದಿದ್ದರು. ಮಾತು ಮಾತಿಗೂ ನಂಬಿಕೆ, ಸಹಕಾರ. ಅಜ್ಜಿ ಎಲ್ಲ ಕೇಳಿಸಿಕೊಂಡು ಆರೂ ಕಂಪನಿಗೆ ಒಂದೇ ಪ್ರಶ್ನೆ ಕೇಳಿದರು. "ನನ್ನ ಅಡುಗೆಮನೆ ಕಿತ್ತುಹಾಕಿದ ದಿನ ಏನೋ ಕೆಟ್ಟಿತು ಅಂದುಕೊಳ್ಳಿ. ಅದನ್ನು ನನಗೆ ಯಾರು ಹೇಳುತ್ತಾರೆ, ಎಷ್ಟು ಹೊತ್ತಿಗೆ ಹೇಳುತ್ತಾರೆ?" ಐದು ಕಂಪನಿಗಳ ನಿರ್ದೇಶಕರು ಉತ್ತರ ಕೊಟ್ಟರು, ದೂರವಾಣಿ ಕೇಂದ್ರ, ದೂರು ವ್ಯವಸ್ಥೆ ಅಂತ. ಆರನೇ ಕಂಪನಿಯಲ್ಲಿ ನಿರ್ದೇಶಕರು ಸುಮ್ಮನಿದ್ದರು. ಪಕ್ಕದಲ್ಲಿದ್ದ ಸೈಟ್ ಮ್ಯಾನೇಜರ್ ಹೇಳಿದ: "ನಾನೇ ಹೇಳುತ್ತೇನೆ. ಅವತ್ತೇ, ನಿಮ್ಮ ಮನೆಗೆ ಬಂದು." ಆ ಕಂಪನಿ ಬೆಲೆಯಲ್ಲಿ ಮೂರನೆಯದಿತ್ತು. ಕೆಲಸ ಅವರಿಗೇ ಸಿಕ್ಕಿತು.

ಸಹಿಗೆ ಮೊದಲು ಒಂದು ದೊಡ್ಡ ಅಡ್ಡಿ ದಾಟಬೇಕಿತ್ತು. ಇದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಪಾರ್ಟ್ನರಿಂಗ್ ಬಗ್ಗೆ ಮಾತಾಡುವವರು ಇದನ್ನು ಬಿಟ್ಟುಬಿಡುತ್ತಾರೆ. ನಮ್ಮ ಫ್ಲ್ಯಾಟುಗಳಲ್ಲಿ ಎಲ್ಲರೂ ಬಾಡಿಗೆದಾರರಲ್ಲ. ಕೊಳ್ಳುವ ಹಕ್ಕಿನ ಕಾನೂನು 1980ರಲ್ಲಿ ಬಂದ ಮೇಲೆ ಎಷ್ಟೋ ಜನ ತಮ್ಮ ಫ್ಲ್ಯಾಟನ್ನು ಕೊಂಡುಕೊಂಡಿದ್ದರು. ಅವರು ಲೀಸ್‌ಹೋಲ್ಡರ್‌ಗಳು. ಅಂದರೆ ಫ್ಲ್ಯಾಟ್ ಉದ್ದ ಅವಧಿಯ ಲೀಸ್ ಮೇಲೆ ಅವರದು, ಕಟ್ಟಡ ಸಂಸ್ಥೆಯದು. ಒಳಗಿನ ಅಡುಗೆಮನೆ ಅವರದೇ ಹೊಣೆ. ಆದರೆ ಚಾವಣಿ, ಹೊರಗಿನ ಕೆಲಸದ ವೆಚ್ಚದಲ್ಲಿ ಅವರು ಪಾಲು ಕೊಡಬೇಕು. ಹಾಗೆ ದುಡ್ಡು ಕೇಳುವ ಮೊದಲು 1985ರ ಕಾಯ್ದೆಯ 20ನೇ ಸೆಕ್ಷನ್ ಪ್ರಕಾರ ಅವರ ಅಭಿಪ್ರಾಯ ಕೇಳಬೇಕು. ಒಂದು ವರ್ಷಕ್ಕಿಂತ ಉದ್ದದ ಒಪ್ಪಂದವಾದರೆ ಎರಡು ಸಲ ನೋಟಿಸ್, ಪ್ರತಿ ಸಲ 30 ದಿನ ಕಾಲಾವಕಾಶ. ಆಮೇಲೆ ಅವರ ಕಟ್ಟಡದಲ್ಲಿ ಕೆಲಸ ಶುರುವಾಗುವ ಮೊದಲು ಮತ್ತೆ ಒಂದು ನೋಟಿಸ್. ಈ ಕೊನೆಯ ನೋಟಿಸ್ ತಪ್ಪಿದರೆ ಆ ಕೆಲಸಕ್ಕೆ ಒಬ್ಬರಿಂದ 250 ಪೌಂಡ್‌ಗಿಂತ ಜಾಸ್ತಿ ವಸೂಲಿ ಮಾಡುವಂತಿಲ್ಲ. ಉಳಿದದ್ದು ಸಂಸ್ಥೆಯ ತಲೆಯ ಮೇಲೆ. ಅಂದರೆ ಬಾಡಿಗೆದಾರರ ದುಡ್ಡಿನಿಂದ ಹೋಗುತ್ತದೆ.

ಕಷ್ಟ ಇದ್ದದ್ದು ಇಲ್ಲಿ. ಲೀಸ್‌ಹೋಲ್ಡರ್ ಕೇಳುವುದು ನ್ಯಾಯವಾದ ಪ್ರಶ್ನೆ: ನನ್ನ ಪಾಲಿಗೆ ಎಷ್ಟು ಬರುತ್ತದೆ? ಪಾರ್ಟ್ನರಿಂಗ್ ಹೇಳುವುದು ಬೇರೆ: ಮೊದಲು ಸಂಗಾತಿಯನ್ನು ಆರಿಸು, ಬೆಲೆಯನ್ನು ಆಮೇಲೆ ಒಟ್ಟಿಗೆ ಕೂತು ನಿರ್ಧರಿಸು. ನಾನು ಸಮುದಾಯ ಭವನದಲ್ಲಿ ಇದನ್ನು ವಿವರಿಸಲು ನಿಂತಾಗ ಒಬ್ಬ ಹೆಂಗಸು ಎದ್ದು ಕೇಳಿದರು. "ಬೆಲೆ ಹೇಳದೆ ಅಂಗಡಿಯವನನ್ನು ಒಪ್ಪಿಕೋ ಅನ್ನುತ್ತಿದ್ದೀಯಲ್ಲ?" ನನ್ನ ಹತ್ತಿರ ಒಳ್ಳೆಯ ಉತ್ತರ ಇರಲಿಲ್ಲ. ಅವರು ರಾತ್ರಿ ಪಾಳಿಯಲ್ಲಿ ದುಡಿದು ಫ್ಲ್ಯಾಟಿನ ಸಾಲ ಕಟ್ಟುತ್ತಿದ್ದವರು. ಮರುದಿನ ನಾವು ಕಾಂಟ್ರಾಕ್ಟರ್ ಜೊತೆ ಕೂತು ಚಾವಣಿ, ಕಿಟಕಿ ಕೆಲಸಗಳಿಗೆ ಚದರ ಮೀಟರಿಗೆ ಇಷ್ಟು, ಒಂದು ಕಿಟಕಿಗೆ ಇಷ್ಟು, ಇದಕ್ಕಿಂತ ಮೇಲೆ ಹೋಗುವುದಿಲ್ಲ ಅಂತ ದರಪಟ್ಟಿ ಮಾಡಿದೆವು. ಅದನ್ನು ಎರಡನೇ ನೋಟಿಸ್‌ಗೆ ಲಗತ್ತಿಸಿದೆವು. ಪಾರ್ಟ್ನರಿಂಗ್ ಬಗ್ಗೆ ಉಪದೇಶ ಮಾಡುವ ಕೆಲವರಿಗೆ ಇದು ಹಿಡಿಸಲಿಲ್ಲ, ಮತ್ತೆ ಹಳೇ ಟೆಂಡರಿಗೆ ಹೋದಂತೆ ಅಂದರು. ನನಗೆ ಇವತ್ತಿಗೂ ಆ ಹೆಂಗಸಿನ ಪ್ರಶ್ನೆಯೇ ಸರಿ ಅನಿಸುತ್ತದೆ.

ಅಡುಗೆಮನೆಗಳ ಬೆಲೆ ಓಪನ್ ಬುಕ್ ಪದ್ಧತಿಯಲ್ಲಿತ್ತು. ಕಾಂಟ್ರಾಕ್ಟರ್ ತನ್ನ ಲೆಕ್ಕವನ್ನು ಬಿಚ್ಚಿ ತೋರಿಸಬೇಕು. ಕೂಲಿ ಎಷ್ಟು, ಸಾಮಾನು ಎಷ್ಟು, ಸೈಟ್ ಆಫೀಸ್, ಗಾಡಿ, ಕಸದ ಡಬ್ಬಿ ಎಷ್ಟು, ಕಂಪನಿಯ ಆಡಳಿತಕ್ಕೆ ಎಷ್ಟು, ಕೊನೆಗೆ ಲಾಭ ಎಷ್ಟು. ಲಾಭ ಬೇರೆ ಸಾಲಿನಲ್ಲಿ, ಎಲ್ಲರ ಕಣ್ಣಿಗೆ ಬೀಳುವಂತೆ. ಆ ಸಾಲಿನ ಮೇಲೆ ನಾವು ಚೌಕಾಸಿ ಮಾಡುವಂತಿಲ್ಲ. ಚೌಕಾಸಿ ಎಲ್ಲ ಉಳಿದ ಸಾಲುಗಳ ಮೇಲೆ, ಅದೂ ಇಬ್ಬರೂ ಸೇರಿ. ಗುರಿ ಇಟ್ಟ ವೆಚ್ಚಕ್ಕಿಂತ ಕಡಿಮೆಯಲ್ಲಿ ಮುಗಿದರೆ ಉಳಿದ ದುಡ್ಡು ಅರ್ಧ ಅರ್ಧ. ಜಾಸ್ತಿಯಾದರೆ ನಷ್ಟವೂ ಹಂಚಿಕೆ.

ಮೊದಲ ಸಲ ಒಬ್ಬ ಕಾಂಟ್ರಾಕ್ಟರ್‌ನ ಲಾಭವನ್ನು ಅವನ ಎದುರಿಗೇ ಓದಿದೆ. ಹುಬ್ಬಳ್ಳಿಯಲ್ಲಿ ನಾನು ಬಚ್ಚಿಡುತ್ತಿದ್ದದ್ದು ಇದನ್ನೇ. ಅವನಿಗೆ ಬದುಕಲು ಇಷ್ಟು ಬೇಕು ಅಂತ ಇಬ್ಬರೂ ಒಪ್ಪಿಕೊಂಡ ಮೇಲೆ ಬಂಡೆ ಅಡಗಿಸುವ ಅವಶ್ಯಕತೆಯೇ ಇರುವುದಿಲ್ಲ. ಇದು ಅಷ್ಟು ಸರಳವಾದ ಮಾತು, ಆದರೆ ನನಗೆ ಅರ್ಥವಾಗಲು ಏಳೆಂಟು ವರ್ಷ ಹಿಡಿಯಿತು.

2007ರ ವಸಂತದಲ್ಲಿ ಕೆಲಸ ಶುರುವಾಯಿತು. ಮೊದಲ ಎರಡು ಬೀದಿ ಚೆನ್ನಾಗಿಯೇ ನಡೆದವು. ಕಾಂಟ್ರಾಕ್ಟರ್‌ನವರೂ ನಾವೂ ಒಂದೇ ಆಫೀಸಿನಲ್ಲಿ ಕೂರುತ್ತಿದ್ದೆವು. ಬಾಡಿಗೆದಾರರು ಕಪಾಟಿನ ಬಾಗಿಲು, ಟೈಲ್ಸ್ ಬಣ್ಣ ಆರಿಸುತ್ತಿದ್ದರು. ಪ್ಲಂಬರ್ ಒಬ್ಬ ಸಿಂಕಿನ ಕೆಳಗಿನ ಪೈಪ್ ಜೋಡಣೆ ಬದಲಿಸಿದರೆ ಅರ್ಧ ದಿನ ಉಳಿಯುತ್ತದೆ ಅಂತ ತೋರಿಸಿಕೊಟ್ಟ. ಮೂರನೇ ಬೀದಿಯಿಂದ ಎಲ್ಲ ಮನೆಗೂ ಹಾಗೇ ಮಾಡಿದೆವು.

ನಾಲ್ಕನೇ ಬೀದಿಯಲ್ಲಿ ಕೆಟ್ಟಿತು. ಒಂದು ಮನೆಯ ಅಡುಗೆಮನೆ ಕಿತ್ತ ಮೇಲೆ ಹಳೇ ವಿನೈಲ್ ಹಾಸಿನ ಕೆಳಗೆ ಕಂದು ಬಣ್ಣದ ಗಟ್ಟಿ ಟೈಲ್ಸ್ ಕಂಡವು. ಅರವತ್ತರ ದಶಕದ ಟೈಲ್ಸ್. ಆ ಕಾಲದ ಎಷ್ಟೋ ನೆಲಹಾಸುಗಳಲ್ಲಿ, ಅದರ ಕೆಳಗಿನ ಕಪ್ಪು ಅಂಟಿನಲ್ಲಿ, ಉಸಿರಿನ ಜೊತೆ ಒಳಗೆ ಹೋದರೆ ಕ್ಯಾನ್ಸರ್ ತರಬಲ್ಲ ಆಸ್‌ಬೆಸ್ಟಾಸ್ ಇರುತ್ತದೆ. ನಮ್ಮ ದಾಖಲೆಯಲ್ಲಿ ಆ ಬೀದಿಗೆ ಆಸ್‌ಬೆಸ್ಟಾಸ್ ಇಲ್ಲ ಅಂತ ಬರೆದಿತ್ತು. ನಾವು ಹತ್ತರಲ್ಲಿ ಒಂದು ಮನೆ ನೋಡಿ, ಉಳಿದ ಒಂಬತ್ತಕ್ಕೂ ಅದೇ ಫಲಿತಾಂಶ ಬರೆದುಕೊಂಡಿದ್ದೆವು. ನೆಲಹಾಸನ್ನು ಎತ್ತಿಯೂ ನೋಡಿರಲಿಲ್ಲ. ತಪ್ಪು ನಮ್ಮದು. ಆ ದಾಖಲೆಗೆ ಒಪ್ಪಿಗೆ ಹಾಕಿದವರಲ್ಲಿ ನಾನೂ ಒಬ್ಬ.

ಬೆಳಿಗ್ಗೆ ಹತ್ತಕ್ಕೆ ಟೈಲ್ಸ್ ಕಂಡಿತು. ಹತ್ತೂವರೆಗೆ ಸೈಟ್ ಮ್ಯಾನೇಜರ್ ಕೆಲಸ ನಿಲ್ಲಿಸಿ, ಬಾಗಿಲು ಮುಚ್ಚಿ, ನನಗೆ ಫೋನ್ ಮಾಡಿದ. ಹನ್ನೊಂದಕ್ಕೆ ಆ ಮನೆಯವರ ಎದುರು ನಿಂತು ವಿಷಯ ಹೇಳಿದ. ಸಂದರ್ಶನದಲ್ಲಿ ಅಜ್ಜಿಗೆ ಕೊಟ್ಟ ಮಾತು ಅವನಿಗೆ ನೆನಪಿತ್ತು. ಆ ಮನೆಯಲ್ಲಿ ಇಬ್ಬರು ಚಿಕ್ಕ ಮಕ್ಕಳಿದ್ದರು. ತಾಯಿ ಅತ್ತರು, ಆಮೇಲೆ ಕೂಗಾಡಿದರು. ಅವನು ಸುಮ್ನೆ ನಿಂತು ಕೇಳಿಸಿಕೊಂಡ. ಸಂಜೆಯೊಳಗೆ ಅವರಿಗೆ ಇನ್ನೊಂದು ಮನೆಯ ಏರ್ಪಾಡು ಮಾಡಿದೆವು. ಮಾದರಿ ಲ್ಯಾಬಿಗೆ ಹೋಯಿತು. ಆಸ್‌ಬೆಸ್ಟಾಸ್ ಇದ್ದದ್ದು ನಿಜ. ಟೈಲ್ಸ್ ಒಡೆದಿರಲಿಲ್ಲ, ಗಾಳಿಯ ಪರೀಕ್ಷೆಯೂ ಸರಿ ಬಂತು.

ಎರಡು ದಿನದ ಮೇಲೆ ಕೋರ್ ಗ್ರೂಪ್ ಸೇರಿತು. ನನ್ನ ಹೊಟ್ಟೆಯಲ್ಲಿ ಕಲ್ಲು ಹಾಕಿದಂತಿತ್ತು. ಹಳೇ ಪದ್ಧತಿಯಲ್ಲಾದರೆ ಕಾಂಟ್ರಾಕ್ಟರ್‌ಗೆ ಇದು ಒಳ್ಳೆಯ ಸಂದರ್ಭ. ತಪ್ಪು ಮಾಲೀಕನದು, ಮೂವತ್ತು ಕೆಲಸಗಾರರು ಸುಮ್ಮನೆ ಕೂತಿದ್ದಾರೆ, ದಿನಕ್ಕೆ ಇಷ್ಟು ಪರಿಹಾರ ಕೊಡಿ ಅನ್ನಬಹುದಿತ್ತು. ಕಾಂಟ್ರಾಕ್ಟರ್‌ನ ವೆಚ್ಚದ ಮ್ಯಾನೇಜರ್ ಒಂದು ಹಾಳೆ ಮುಂದಿಟ್ಟ. ಮೊದಲ ದಿನ ಇಷ್ಟು ಜನ ಖಾಲಿ ಕೂತರು, ಅಷ್ಟೇ ವೆಚ್ಚ. ಎರಡನೇ ದಿನದಿಂದ ಅವರನ್ನು ಆರನೇ ಬೀದಿಗೆ ಕಳಿಸಿದ್ದೇವೆ, ಅಲ್ಲಿ ಬಚ್ಚಲು ಕೆಲಸ ಬೇಗ ಶುರು ಮಾಡಿದ್ದೇವೆ. ಆದ್ದರಿಂದ ಅದಕ್ಕೆ ಏನೂ ಕೇಳುವುದಿಲ್ಲ. ಕೂಲಿಯ ಪಟ್ಟಿ ಹಾಳೆಯ ಹಿಂದೆಯೇ ಇತ್ತು. ಅಪಾಯಗಳ ಪಟ್ಟಿಯಲ್ಲಿ ಆಸ್‌ಬೆಸ್ಟಾಸ್‌ಗೆ ಅಂತ ನಾವು ಮೊದಲೇ ದುಡ್ಡು ಎತ್ತಿಟ್ಟಿದ್ದೆವು. ತೆಗೆಯುವ ವೆಚ್ಚ ಅದರಿಂದ ಹೋಯಿತು. ಮುಂದಿನ ಬೀದಿಗಳಲ್ಲಿ ಪ್ರತಿ ಮನೆಯ ನೆಲವನ್ನೂ ಆರು ವಾರ ಮೊದಲೇ ಪರೀಕ್ಷೆ ಮಾಡುವುದು ಅಂತ ಆಯಿತು. ಮೀಟಿಂಗ್ ಒಂದು ಗಂಟೆಯಲ್ಲಿ ಮುಗಿಯಿತು.

ಹೊರಗೆ ಬಂದು ಕಾರಿನಲ್ಲಿ ಸ್ವಲ್ಪ ಹೊತ್ತು ಕೂತಿದ್ದೆ. ಹುಬ್ಬಳ್ಳಿಯ ನನ್ನ ಎಂ.ಬಿ. ಪುಸ್ತಕಗಳು ನೆನಪಾದವು. ಅಲ್ಲಿಯ ಎಂಜಿನಿಯರ್‌ಗಳು, ಕಾಂಟ್ರಾಕ್ಟರ್‌ಗಳು ಕೆಟ್ಟವರಾಗಿರಲಿಲ್ಲ. ಸತ್ಯ ಹೇಳಿದವನಿಗೆ ನಷ್ಟ ಆಗುವಂತೆ ಗುತ್ತಿಗೆ ಬರೆದಿದ್ದರು, ಅಷ್ಟೇ.

ಆದರೆ ಇದೇ ತಂಡದ ಜೊತೆ ನಂಬಿಕೆ ಮುರಿದದ್ದನ್ನೂ ಹೇಳಬೇಕು. 2009ರ ಹೊತ್ತಿಗೆ ಆರ್ಥಿಕ ಕುಸಿತ ಜೋರಾಗಿತ್ತು. ಕಾಂಟ್ರಾಕ್ಟರ್ ಕಂಪನಿಯಲ್ಲಿ ಮೇಲಿನವರು ಬದಲಾದರು. ಸೈಟ್ ಮ್ಯಾನೇಜರ್‌ನನ್ನು ಬೇರೆ ಊರಿಗೆ ಕಳಿಸಿದರು. ಪ್ರತಿ ತಿಂಗಳು ಹತ್ತನೇ ತಾರೀಖಿಗೆ ಬರುತ್ತಿದ್ದ ಲೆಕ್ಕದ ಹಾಳೆ ಇಪ್ಪತ್ತಕ್ಕೆ ಬರತೊಡಗಿತು, ಆಮೇಲೆ ಮುಂದಿನ ತಿಂಗಳಿಗೆ. ನಾವು ಗಟ್ಟಿಯಾಗಿ ಕೇಳಲಿಲ್ಲ. ಮೂರು ವರ್ಷದ ಸ್ನೇಹ, ಹೇಗೆ ಅನುಮಾನ ಪಡುವುದು ಅನ್ನುವ ಸಂಕೋಚ. ಕೊನೆಗೆ ಲೆಕ್ಕ ತಪಾಸಣೆ ಮಾಡಿಸಿದಾಗ ಗೊತ್ತಾಯಿತು. ಅಡುಗೆಮನೆ ಕಪಾಟು ಮಾರುವ ಕಂಪನಿ, ವರ್ಷಕ್ಕೆ ಇಷ್ಟು ಸಾಮಾನು ಕೊಂಡದ್ದಕ್ಕೆ ಅಂತ ಕಾಂಟ್ರಾಕ್ಟರ್‌ನ ಮುಖ್ಯ ಕಚೇರಿಗೆ ರಿಯಾಯಿತಿ ದುಡ್ಡು ವಾಪಸ್ ಕೊಡುತ್ತಿತ್ತು. ಅದು ನಮ್ಮ ಲೆಕ್ಕದ ಹಾಳೆಯಲ್ಲಿ ಎಲ್ಲೂ ಇರಲಿಲ್ಲ. ಬಿಲ್ಲಿನಲ್ಲಿ ಇದ್ದ ಬೆಲೆ ನಿಜ, ಆದರೆ ಅವರು ನಿಜವಾಗಿ ಕೊಟ್ಟದ್ದು ಅದಕ್ಕಿಂತ ಕಡಿಮೆ.

ಅವರ ವಾದವೂ ಇತ್ತು. ರಿಯಾಯಿತಿ ಬಂದದ್ದು ದೇಶದಾದ್ಯಂತ ನಮ್ಮ ಎಲ್ಲ ಕೆಲಸ ಸೇರಿ, ನಿಮ್ಮ ಒಂದು ಗುತ್ತಿಗೆಗಲ್ಲ ಅಂದರು. ಒಪ್ಪಂದದಲ್ಲಿ ರಿಯಾಯಿತಿ ಅನ್ನುವ ಪದವೇ ಇರಲಿಲ್ಲ ಅನ್ನುವುದೂ ನಿಜ. ಕೋರ್ಟಿಗೆ ಹೋಗಲಿಲ್ಲ. ಐದು ಮೀಟಿಂಗ್ ಆದ ಮೇಲೆ ನಮ್ಮ ಪಾಲಿನ ದುಡ್ಡು ಬಂತು. ಆದರೆ ಆಮೇಲೆ ಆ ಕೋಣೆಯಲ್ಲಿ ಮೊದಲಿನ ಹಾಗೆ ಯಾರೂ ಮಾತಾಡಲಿಲ್ಲ. ಆಗಿನಿಂದ ನಾವು ಬೇರೆ ಹೌಸಿಂಗ್ ಅಸೋಸಿಯೇಷನ್‌ಗಳ ಜೊತೆ ಸೇರಿ ಕಪಾಟು, ಕಿಟಕಿ, ಬಾಯ್ಲರ್‌ಗಳ ಬೆಲೆಯನ್ನು ತಯಾರಕರ ಹತ್ತಿರ ನೇರವಾಗಿ ಮಾತಾಡುತ್ತೇವೆ. ಕಾಂಟ್ರಾಕ್ಟರ್ ಆ ಬೆಲೆಗೆ ಕೊಳ್ಳಬೇಕು. ನನ್ನ ಪ್ರಕಾರ ಯಾವ ಪಾರ್ಟ್ನರಿಂಗ್ ಗುತ್ತಿಗೆಯಲ್ಲೂ ಮೊದಲು ಬರೆಯಬೇಕಾದ ಸಾಲು ಇದು: ವಾಪಸ್ ಬರುವ ಪ್ರತಿ ಪೆನ್ನಿಯನ್ನೂ ತೋರಿಸಬೇಕು, ಯಾವ ಕಚೇರಿಗೆ ಬಂದರೂ. ಸ್ನೇಹ ಎಷ್ಟೇ ಚೆನ್ನಾಗಿರಲಿ, ತಪಾಸಣೆ ವರ್ಷಕ್ಕೊಮ್ಮೆ ಆಗಲೇಬೇಕು. ನಾವು ಅದನ್ನು ಎರಡು ವರ್ಷ ಬಿಟ್ಟಿದ್ದೆವು.

ನಂತರದ ವರ್ಷಗಳು ಬೇಗ ಕಳೆದವು. ಸಾಮಾಜಿಕ ವಸತಿಯ ಬಾಡಿಗೆಯನ್ನು 2016ರಿಂದ ನಾಲ್ಕು ವರ್ಷ, ವರ್ಷಕ್ಕೆ ಶೇ. 1 ಇಳಿಸಬೇಕು ಅಂತ ಸರ್ಕಾರ ಹೇಳಿತು. ಬಾಡಿಗೆದಾರರಿಗೆ ಒಳ್ಳೆಯದೇ, ಆದರೆ ರಿಪೇರಿಯ ದುಡ್ಡೂ ಅದೇ ಬಾಡಿಗೆಯಿಂದ ಬರಬೇಕು. ನಮ್ಮ ಆಡಳಿತ ಮಂಡಳಿ ಮತ್ತೆ ಕಡಿಮೆ ಬೆಲೆಯ ಮಾತಾಡತೊಡಗಿತು. ಒಂದು ಗುತ್ತಿಗೆಯಲ್ಲಿ ಬೆಲೆಗೆ 70 ಅಂಕ ಇಟ್ಟೆವು. ನಾನು ವಿರೋಧ ಬರೆದುಕೊಟ್ಟೆ, ಒಬ್ಬನೇ.

2017ರ ಜೂನ್ 14ರ ನಸುಕಿನಲ್ಲಿ ಲಂಡನ್ನಿನ ಗ್ರೆನ್‌ಫೆಲ್ ಟವರ್ ಹೊತ್ತಿ ಉರಿಯಿತು. 72 ಜನ ಸತ್ತರು. ಅದೂ ಸಾಮಾಜಿಕ ವಸತಿಯ ಕಟ್ಟಡ, ಹಿಂದಿನ ವರ್ಷವಷ್ಟೇ ನವೀಕರಣ ಮುಗಿದಿದ್ದ ಕಟ್ಟಡ. ಮುಂದಿನ ವರ್ಷ ಡೇಮ್ ಜುಡಿತ್ ಹ್ಯಾಕಿಟ್ ಕೊಟ್ಟ ವರದಿ, ಕಡಿಮೆ ಬೆಲೆಯ ಹಿಂದೆ ಓಡುವ ಖರೀದಿ ಪದ್ಧತಿ ಸುರಕ್ಷತೆಯನ್ನು ಹೇಗೆ ಹಿಂದಕ್ಕೆ ತಳ್ಳುತ್ತದೆ ಅನ್ನುವುದನ್ನು ಬಿಡಿಸಿ ಹೇಳಿತು. ಅದನ್ನು ಓದುವಾಗ ನಮ್ಮ ಎತ್ತರದ ಕಟ್ಟಡಗಳ ಒಂದೊಂದು ಮಹಡಿಯೂ, ಅಲ್ಲಿರುವವರ ಮುಖಗಳೂ ಕಣ್ಣ ಮುಂದೆ ಬರುತ್ತಿದ್ದವು. ಬೆಲೆಗೆ 70 ಅಂಕದ ಪದ್ಧತಿ ನಮ್ಮಲ್ಲಿ ಅಲ್ಲಿಗೆ ನಿಂತಿತು.

ಈಗ ಹೊಸ ಖರೀದಿ ಕಾಯ್ದೆ ಬಂದಿದೆ, 2025ರ ಫೆಬ್ರವರಿ 24ರಿಂದ. 50 ಲಕ್ಷ ಪೌಂಡ್‌ಗಿಂತ ದೊಡ್ಡ ಗುತ್ತಿಗೆಗಳಲ್ಲಿ ಸಾಮಾನ್ಯವಾಗಿ ಕನಿಷ್ಠ ಮೂರು ಅಳತೆಗೋಲುಗಳನ್ನು ಸಾರ್ವಜನಿಕವಾಗಿ ಪ್ರಕಟಿಸಬೇಕು. ಕೆಲಸ ಹೇಗೆ ನಡೆದಿದೆ ಅಂತ ವರ್ಷಕ್ಕೊಮ್ಮೆಯಾದರೂ ಹೇಳಬೇಕು. ನಮ್ಮ ಕೋರ್ ಗ್ರೂಪ್‌ನ ಕೋಣೆಯೊಳಗೆ ಇರುತ್ತಿದ್ದ ಹಾಳೆಗಳಲ್ಲಿ ಕೆಲವಾದರೂ ಇನ್ನು ಯಾರು ಬೇಕಾದರೂ ನೋಡುವಂತಾಗುತ್ತವೆ. ನನಗೆ ಇದು ತುಂಬಾ ಇಷ್ಟವಾಗಿದೆ. ಲೀಸ್‌ಹೋಲ್ಡರ್ ಹೆಂಗಸಿಗೆ ಅವತ್ತು ಕೊಡಲಾಗದ ಉತ್ತರದ ಅರ್ಧ ಭಾಗ ಇದರಲ್ಲಿದೆ.

2007ರಲ್ಲಿ ಹಾಕಿದ ಅಡುಗೆಮನೆಗಳಿಗೆ 2027ಕ್ಕೆ 20 ವರ್ಷ ತುಂಬುತ್ತದೆ. ಆ ಬೀದಿಗಳು ಮತ್ತೆ ನನ್ನ ಪಟ್ಟಿಗೆ ಬಂದಿವೆ. ಹೊಸ ಗುತ್ತಿಗೆಯ ಕರಡು ಬರೆಯುತ್ತಿದ್ದೇವೆ. ರಿಯಾಯಿತಿಯ ಸಾಲು ಎರಡನೇ ಪುಟದಲ್ಲಿದೆ. ಅಂಕ ಹಾಕುವ ತಂಡಕ್ಕೆ ಬಾಡಿಗೆದಾರರನ್ನು ಕರೆದಿದ್ದೇವೆ. ನಾಲ್ಕನೇ ಬೀದಿಯ ಆ ತಾಯಿ ಹೆಸರು ಕೊಟ್ಟಿದ್ದಾರೆ. ಅವರ ಮಕ್ಕಳು ಈಗ ದೊಡ್ಡವರಾಗಿ ಕೆಲಸಕ್ಕೆ ಹೋಗುತ್ತಿದ್ದಾರೆ. ಮೊನ್ನೆ ಅವರ ಮನೆಗೆ ಹೋಗಿದ್ದೆ. ಸಿಂಕಿನ ಕೆಳಗೆ ಆ ಪ್ಲಂಬರ್ ತೋರಿಸಿಕೊಟ್ಟ ಜೋಡಣೆ ಇನ್ನೂ ಹಾಗೇ ಇದೆ, ಒಂದು ಹನಿಯೂ ಸೋರಿಲ್ಲ. ಮೊದಲ ಮೀಟಿಂಗ್ ಯಾವತ್ತು ಅಂತ ಕೇಳಿದರು. ಸೋಮವಾರ, ಹತ್ತು ಗಂಟೆಗೆ ಅಂದೆ.